ಷರಾ

ಬಾಟಲಿ ತುಂಬುವಾಗ ಒಂದೂ ಗುಳ್ಳೆ ಉಳಿಯಬಾರದು,
ಉಳಿದರೆ ಅದು ನೀರು ಹೇಳಿದ್ದಲ್ಲ, ನೀನು ಹೇಳಿದ್ದು
ಎನ್ನುತ್ತಾರೆ ಒಲಿಂಡಾ ಮೇಡಂ.
ಹಾಗಾಗಿ ಮೊಣಕೈವರೆಗೆ ಕೈ ಇಳಿಸಿ, ಓರೆ ಹಿಡಿದು,
ನಿದ್ದೆಗಣ್ಣಿನ ಕೂಸಿಗೆ ಒಳಲೆಯಲ್ಲಿ ಹಾಲು ಹನಿಸಿದಂತೆ
ತುಂಬಿಸುತ್ತೇನೆ, ಗಂಟೆಗೊಂದು.

ಚೋಡಣ ದ್ವೀಪ, ಖಾಜನ್ ಗದ್ದೆ, ನಾಲ್ಕನೆಯ ಹೊಂಡ.
ಇಂದು ಸಂಜೆ ಆರರಿಂದ ನಾಳೆ ಸಂಜೆ ಆರು.
ಉಪ್ಪು ಹದಿನೇಳು. ಉಷ್ಣ ಇಪ್ಪತ್ತೊಂಬತ್ತು.
ಟಾರ್ಚು ಸುಯೋಗನದು, ಬರೆಯುವುದು ನಾನು,
ನನ್ನ ಅಂಕಿ ದುಂಡಗೆ ಅಂತ.

ಈ ನೀರಿನ ಹೆಸರಿಗೆ ನರಗುಂದದಲ್ಲಿ
ಎಷ್ಟು ಸಲ ಶಾಲೆಗೆ ರಜೆ ಸಿಕ್ಕಿತ್ತು!
ಗೋಡೆಯ ಮೇಲೆ, ಮೈಕಿನಲ್ಲಿ, ಟೈರಿನ ಹೊಗೆಯಲ್ಲಿ
ಮಹದಾಯಿಯನ್ನು ಕಂಡಿದ್ದೆ. ಮುಟ್ಟಿರಲಿಲ್ಲ.
ಇಲ್ಲಿ ಮಾಂಡವಿ ಅನಿಸಿಕೊಂಡು, ಕಡಲಿಂದ ಉಪ್ಪು ಕಡ ತಂದು
ನನ್ನ ಬಾಟಲಿಗಿಳಿಯುತ್ತದೆ, ಯಾರ ಪರವೂ ಇಲ್ಲದೆ.
ಸುಯೋಗ ಆ ಮಾತು ಎತ್ತುವುದಿಲ್ಲ.
ನಾನೂ ಎತ್ತುವುದಿಲ್ಲ.

ಮೊಟ್ಟೆಯ ಹೆಸರೂ ಹೊಸ್ತಿಲು ದಾಟದ ಮನೆ ನಮ್ಮದು.
ಅವ್ವನಿಗೆ ಹೇಳಿದ್ದು ಇಷ್ಟೆ: ನೀರು ಓದಾಕ ಹೊಂಟೀನಿ.
ನೀರಾಗ ಓದೂದೇನೈತಿ? ಅಂದಳು.

ಮೊದಲ ದ್ರವ ಎರಡು ಮಿಲಿ, ಇನ್ನೊಂದು ಎರಡು ಮಿಲಿ.
ಬಿರಡೆ ಒತ್ತಿ ತಲೆಕೆಳಗು ಮಾಡಿದರೆ
ಉಸಿರಿರುವ ನೀರು ಕಂದು ಮೋಡ ಕಟ್ಟುತ್ತದೆ.
ಹನ್ನೊಂದಕ್ಕೆ ಬೆಲ್ಲದ ಪಾಕ.
ಒಂದಕ್ಕೆ ಚಹಾ.
ಎರಡಕ್ಕೆ ಹಾಲು ಹೆಚ್ಚಾದ ಚಹಾ.
ಮೂರಕ್ಕೆ
ಬಿಳಿ.

ಅಪ್ಪನ ಗಿರಣಿಯ ಬಿಳಿ;
ಅವನ ರೆಪ್ಪೆಯ ಮೇಲೆ ಕೂತು ಮನೆಗೆ ಬರುತ್ತಿದ್ದ ಜೋಳದ ಹಿಟ್ಟು.
ರೆಪ್ಪೆ ಬೆಳ್ಳಗಿದ್ದರೆ ಅಂದು ಗಿರಾಕಿ ಬಂದಿದ್ದರು ಅಂತ ಲೆಕ್ಕ.
ಇಲ್ಲಿ ಬಿಳಿ ಅಂದರೆ ಒಳಗೆ ಏನೂ ಇಲ್ಲ.

ಸುಯೋಗ ಟಾರ್ಚು ತಿರುಗಿಸಿದ.
ಹೊಂಡದ ತುಂಬ ಬಾಯಿ.
ಬೆರಳುದ್ದದ ಮೀನುಗಳು ನೀರಿನ ಅಂಚಿಗೆ ತುಟಿ ಹಚ್ಚಿ
ಚಪ್, ಚಪ್, ಚಪ್,
ಮದುವೆಯ ಕಡೇ ಪಂಕ್ತಿ ಮಜ್ಜಿಗೆ ಸುರಿಯುವ ಸದ್ದು.

ತೂಬಿನ ಬಾಗಿಲಿಗೆ ಇಲ್ಲಿ ಮಾನಸ ಅನ್ನುತ್ತಾರೆ.
ಅದನ್ನು ಕಾಯುವ ಕಾಯ್ತಾನ್ ಬೀಡಿ ಆರಿಸಿ ಬಂದ,
ಹೊರಗೆ ಇಣುಕಿ ತಲೆಯಾಡಿಸಿದ:
ನದಿ ಇನ್ನೂ ಕೆಳಗಿದೆ, ಈಗ ಹಲಗೆ ಎತ್ತಿದರೆ ಇದ್ದ ನೀರೂ ಹೋದೀತು.
ಉಬ್ಬರಕ್ಕೆ ಇನ್ನೊಂದು ತಾಸು.

ಪ್ರಯೋಗಕ್ಕೆ ಒಂದೇ ನಿಯಮ, ಮುಟ್ಟಬಾರದು.
ಹೊಂಡ ಇರುಳಲ್ಲಿ ಹೇಗೆ ಉಸಿರಾಡುತ್ತದೆ ನೋಡಬೇಕು,
ನಿಂತರೆ, ನಿಂತದ್ದನ್ನು ನೋಡಬೇಕು.
ಹತ್ತು ನಿಮಿಷ ನೋಡಿದೆವು.
ಮೊದಲು ಇಳಿದವರು ಯಾರೋ, ನೆನಪಿಲ್ಲ.

ಸೊಂಟದವರೆಗೆ ಕೆಸರು.
ಊಟದ ತಟ್ಟೆಯಿಂದ, ಬಕೆಟ್ಟಿನಿಂದ,
ಆಮೇಲೆ ಬರಿಗೈಯಿಂದ ನೀರನ್ನು ಬಡಿದೆವು.
ರೊಟ್ಟಿ ಬಡಿದು ಗೊತ್ತಿದ್ದ ಕೈ ನನ್ನದು,
ಅಂಗೈ ಉರಿಯಹತ್ತಿದ ಮೇಲೂ ತಾಳ ತಪ್ಪಲಿಲ್ಲ.
ಕಾಯ್ತಾನ್ ದಂಡೆಯಲ್ಲಿ ನಿಂತು ನಕ್ಕ,
ನಕ್ಕು, ಹಳೆಯ ಹುಟ್ಟು ತಂದು ಅವನೂ ಇಳಿದ.

ನಾಲ್ಕೂಕಾಲಿಗೆ ಹಲಗೆ ತಾನೇ ಗೊಣಗಿತು.
ಎತ್ತಿದೆವು. ಹೊರಗಿನ ನೀರು
ಮೊಣಕಾಲನ್ನು ಮೊದಲು ತಣ್ಣಗೆ ಹುಡುಕಿತು.

ಬೆಳಿಗ್ಗೆ ನಲವತ್ತೊಂದು ಸತ್ತವು, ಟ್ರೇಯಲ್ಲಿಟ್ಟು ತೂಗಿದೆ.
ಅವ್ವನ ಫೋನು. ಕೈಯ ತುಂಬ ಲೋಳೆ,
ಸುಯೋಗ ಕಿವಿಗೆ ಹಿಡಿದ.
ನಾಷ್ಟಾ ಆತೇನು?
ಆತವ್ವ.

ಹಾಳೆಯ ಬಲತುದಿಗೆ ರಿಮಾರ್ಕ್ಸ್ ಎಂದು ಅಚ್ಚಾದ ಕಾಲಂ,
ನಮ್ಮ ತಾಲೂಕು ಕಚೇರಿಯ ಭಾಷೆಯಲ್ಲಿ ಷರಾ.
ಮೋಡ, ಮಳೆ, ದೋಣಿ ಹಾದದ್ದು ಅಲ್ಲಿ ಬರೆಯಬೇಕು.
ಮೂರೂ ಹತ್ತರಿಂದ ನಾಲ್ಕೂಕಾಲರ ಎದುರು ಬರೆದೆ:
ನಾವು.

ಗ್ರಾಫಿನಲ್ಲಿ ಅಲ್ಲೊಂದು ಸಣ್ಣ ಉಬ್ಬು.
ಬೈಗುಳಕ್ಕೆ ತಯಾರಾಗಿ ನಿಂತಿದ್ದೆವು.
ಮೇಡಂ ಕನ್ನಡಕ ಹಣೆಗೇರಿಸಿ
ಆ ಒಂದು ಪದವನ್ನು ಕೆಂಪು ಶಾಯಿಯಲ್ಲಿ ಸುತ್ತಿ ಕೇಳಿದರು:
ನಾವು ಅಂದರೆ, ಲೀಟರಿಗೆ ಎಷ್ಟು ಮಿಲಿಗ್ರಾಂ?

ಕೂತು ಲೆಕ್ಕ ಹಾಕಿದೆವು.
ಸೊನ್ನೆ ಬಿಂದು ನಾಲ್ಕು.
ಬ್ಯೂರೆಟ್ಟಿನ ತುದಿಯಲ್ಲಿ, ಎಂಟು ಹನಿ.